ಮಿದ್ದೆ ಮೇಲೆ ಚಾಪೆ ಹಾಸಿಕೊಟ್ಟ ತೋಟದ ಮನೆ

ಮೊದಲೇ ಹೇಳಿಬಿಡುತ್ತೇನೆ, ನಾನು ಚಿಕ್ಕಬಳ್ಳಾಪುರದವಳೇ. ಟೌನಿನಲ್ಲಿ ಒಂದು ಸಣ್ಣ ಟೈಲರ್ ಅಂಗಡಿ ಇಟ್ಟುಕೊಂಡಿದ್ದೇನೆ. ನಮ್ಮ ಮನೆ ಮಿದ್ದೆ ಹತ್ತಿದರೆ ಒಂದು ಕಡೆ ನಂದಿ ಬೆಟ್ಟ, ಇನ್ನೊಂದು ಕಡೆ ಸ್ಕಂದಗಿರಿ. ಮಿದ್ದೆ ಅಂದರೆ ಮಾಳಿಗೆ. ನಮ್ಮ ಕಡೆ ಅರ್ಧ ಮಾತು ತೆಲುಗೇ, ಓದುವಾಗ ಸ್ವಲ್ಪ ಹೊಂದಿಕೊಳ್ಳಿ. ಇಂಥವಳು ಹತ್ತು ಕಿಲೋಮೀಟರ್ ಒಳಗೇ ಇರುವ ಒಂದು ತೋಟದ ಮನೆಗೆ ದುಡ್ಡು ಕೊಟ್ಟು ಎರಡು ರಾತ್ರಿ ಇದ್ದು ಬಂದೆ. ರವಿಕೆ ಅಳತೆ ಕೊಡಲು ಅಂಗಡಿಗೆ ಬಂದವರೆಲ್ಲ ನಕ್ಕರು. "ಪಕ್ಕದ ಊರಿಗೆ ಟೂರಾ?" ಅಂದರು. ನಗಲಿ.

ಆಗಿದ್ದು ಇಷ್ಟೇ. ಅಕ್ಕನ ಮಗ ಬೆಂಗಳೂರಿಂದ ಬೇಸಿಗೆ ರಜೆಗೆ ಬಂದಿದ್ದ. ಒಂಬತ್ತು ವರ್ಷ. ಎರಡು ದಿನ ಫ್ಯಾನಿನ ಕೆಳಗೆ ಮೊಬೈಲ್ ಹಿಡಿದು ಮಲಗಿದ. ಮೂರನೇ ದಿನ "ಚಿಕ್ಕಮ್ಮ, ಹೋಮ್‌ಸ್ಟೇಗೆ ಹೋಗೋಣ್ವಾ? ನಮ್ ಕ್ಲಾಸಲ್ಲಿ ಎಲ್ರೂ ಹೋಗ್ತಾರೆ" ಅಂದ. ಅಮ್ಮ ಸೊಪ್ಪು ಸೋಸುತ್ತಾ ಕೂತಿದ್ದಳು. "ಹೋಮೂ ನಮ್ದೇ, ಸ್ಟೇನೂ ನಮ್ದೇ. ಇನ್ನೆಲ್ಲಿಗೋ?" ಅಂದಳು. ಆದರೆ ಜಾಗ ಯಾವ ಕಡೆ ಅಂತ ನಾನು ಹೇಳಿದ ಮೇಲೆ ಸುಮ್ಮನಾದಳು. ಅವಳ ತವರು ಅದೇ ಬೆಟ್ಟದ ಸಂದಿನಲ್ಲಿ. ಹೊಲ ಮಾರಿ ಇಪ್ಪತ್ತು ವರ್ಷ ಆಯಿತು. ಈಗ ಅಲ್ಲಿಗೆ ಹೋದರೆ ಕೂರೋಕೆ ನಮ್ಮದು ಅಂತ ಒಂದು ಜಗಲಿಯೂ ಇಲ್ಲ. ಸಂಜೆ ಹೊತ್ತಿಗೆ ನೋಡಿದರೆ ಎರಡು ಸೀರೆ ಮಡಿಸಿ ಚೀಲಕ್ಕೆ ಹಾಕಿಟ್ಟಿದ್ದಳು.

ಜಾಗದ ಹೆಸರು ಇಲ್ಲಿ ಹಾಕುತ್ತಿಲ್ಲ. ಒಂದು, ಅದಕ್ಕೆ ಹೆಸರೇ ಇಲ್ಲ, ಗೇಟಿಗೆ ಬೋರ್ಡೂ ಇಲ್ಲ. ಇನ್ನೊಂದು, ಕೆಳಗೆ ಬೈದಿರುವುದೂ ಇದೆ. ಗಂಡ, ಹೆಂಡತಿ, ಗಂಡನ ತಾಯಿ, ಮೂವರೇ ನೋಡಿಕೊಳ್ಳುತ್ತಾರೆ. ದ್ರಾಕ್ಷಿ, ಗುಲಾಬಿ, ಒಂದಿಷ್ಟು ರಾಗಿ, ಇದು ಅವರ ಬದುಕು. ಎರಡು ರೂಮು ಕಟ್ಟಿ ಬಂದವರಿಗೆ ಕೊಡುವುದು ಮೇಲಿನ ಸಂಪಾದನೆ. "ಹೆಸರು ಹಾಕ್ಬೇಡಿ ಅಕ್ಕ. ವಾರಕ್ಕೆ ಎರಡು ಮನೆಯವರು ಬಂದ್ರೆ ಸಾಕು, ಜಾಸ್ತಿ ಆದ್ರೆ ಕೈ ಸಾಲಲ್ಲ" ಅಂತ ಮನೆಯಾಕೆಯೇ ಅಂದಳು. ನೀವು ಅದೇ ಗೇಟು ಹುಡುಕಬೇಕಾಗಿಲ್ಲ. ಆ ತಪ್ಪಲಿನಲ್ಲಿ ಇಂಥ ಮನೆಗಳು ಇನ್ನೂ ಇವೆ. ಯಾವುದಕ್ಕೆ ದುಡ್ಡು ಕೊಡಬೇಕು, ಯಾವುದಕ್ಕೆ ಕೊಡಬಾರದು ಅನ್ನುವುದು ತಿಳಿದರೆ ಆಯಿತು.

ಹೊರಗಿನವರಿಗೆ ಈ ಜಾಗದ ಲೆಕ್ಕ ಸ್ವಲ್ಪ ಹೇಳಬೇಕು. ನಂದಿಗಿರಿ, ಚನ್ನಗಿರಿ, ಬ್ರಹ್ಮಗಿರಿ, ಸ್ಕಂದಗಿರಿ, ದಿವ್ಯಗಿರಿ, ಈ ಐದಕ್ಕೂ ಸೇರಿ ಪಂಚಗಿರಿ ಅಂತಾರೆ. ನಂದಿ 1,478 ಮೀಟರ್, ಎಲ್ಲರಿಗೂ ಗೊತ್ತಿರುವುದು ಅದೊಂದೇ. ಮೇಲೆ ಟಿಪ್ಪು ಕಾಲದ ಬೇಸಿಗೆ ಮನೆ ಇದೆ. ಆಮೇಲೆ ಬಂದ ಬ್ರಿಟಿಷ್ ಕಮಿಷನರ್ ಕಬ್ಬನ್ ಸಾಹೇಬರೂ ಅಲ್ಲೇ ಬೇಸಿಗೆ ಕಳೆಯಲು ಬಂಗಲೆ ಮಾಡಿಕೊಂಡರು. ದೊಡ್ಡವರು ಸೆಕೆ ಅಂತ ಬೆಟ್ಟದ ಮೇಲೆ ಹೋದರು. ನಮ್ಮಂಥವರು ಬೆಟ್ಟದ ಕೆಳಗೆ ಹೊಂಗೆ ನೆರಳಲ್ಲೇ ಬೇಸಿಗೆ ಕಳೆದೆವು. ಈ ಬೆಟ್ಟಗಳ ನಡುವಿನ ಸಂದಿನಲ್ಲಿ ಹೊಲ, ದ್ರಾಕ್ಷಿ ಚಪ್ಪರ, ಹುಣಸೆ ಮರ, ನೀಲಗಿರಿ ತೋಪು, ಸಣ್ಣ ಸಣ್ಣ ಕೆರೆ. ಅಲ್ಲೇ ನಾವು ಇದ್ದದ್ದು.

ಈಗ ಅಲ್ಲೆಲ್ಲ 'ವ್ಯಾಲಿ ವ್ಯೂ' ಅಂತ ಬೋರ್ಡುಗಳು ಬಂದಿವೆ. ನಮ್ಮ ಜಿಲ್ಲೆಯಲ್ಲಿ ವ್ಯಾಲಿ ಅಂದರೆ ಜನಕ್ಕೆ ಮೊದಲು ನೆನಪಾಗುವುದು ಎಚ್.ಎನ್. ವ್ಯಾಲಿ. ಬೆಂಗಳೂರಿನ ಹೆಬ್ಬಾಳ, ನಾಗವಾರ ಕಡೆಯ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ ನಮ್ಮ ಕೆರೆಗಳಿಗೆ ತುಂಬಿಸುವ ಯೋಜನೆ ಅದು. ದಾರಿಯಲ್ಲಿ ಅಂಥದ್ದೊಂದು ಬೋರ್ಡ್ ಓದಿ ಹೇಳಿದ್ದಕ್ಕೆ ಅಮ್ಮ ಕೇಳಿದಳು: "ಅಂದ್ರೆ, ಆ ನೀರು ನೋಡೋಕೆ ದುಡ್ಡು ಕೊಡ್ತಾರಾ?" ಆಟೋದವನಿಗೆ ಎಷ್ಟು ನಗು ಬಂತೆಂದರೆ ಗಾಡಿ ನಿಲ್ಲಿಸಿಬಿಟ್ಟ.

ಹೌದು, ಆಟೋದಲ್ಲೇ ಹೋದೆವು. ಮೊಬೈಲ್ ಮ್ಯಾಪ್ ನಂಬಬೇಡಿ. ನಮ್ಮನ್ನು ಅದು ನೆಟ್ಟಗೆ ಒಂದು ಹಳೇ ಕಲ್ಲು ಕ್ವಾರಿ ಬಾಯಿಗೆ ಕರೆದುಕೊಂಡು ಹೋಯಿತು. ಅಲ್ಲಿಂದ ಮುಂದೆ ಅಮ್ಮನೇ ಮ್ಯಾಪು. "ಆ ಜೋಡಿ ಹುಣಸೆ ಮರ ಬರ್ಲಿ, ಎಡಕ್ಕೆ ತಿರುಗು. ಮುನೇಶ್ವರನ ಕಲ್ಲು ಬರುತ್ತೆ." ಜೋಡಿ ಮರದಲ್ಲಿ ಒಂದು ಉಳಿದಿತ್ತು. ತಿರುವು ಸಿಕ್ಕಿತು.

ತಲುಪಿದಾಗ ಹನ್ನೆರಡೂವರೆ. ಮೊಬೈಲಲ್ಲಿ 36 ಡಿಗ್ರಿ. ಬಂಡೆ ಬೆಟ್ಟದ ಬುಡದಲ್ಲಿ ಆ ಹೊತ್ತಿಗೆ ಬಿಸಿ ಮೇಲಿಂದಲೂ ಬರುತ್ತದೆ, ಪಕ್ಕದಿಂದಲೂ ಬರುತ್ತದೆ. ಒಲೆ ಮುಂದೆ ಕೂತ ಹಾಗೆ. ಹುಡುಗನ ಮುಖ ಆಗಲೇ ಸಪ್ಪಗಾಗಿತ್ತು. "ಎಸಿ ಇಲ್ವಾ?" ಅಂದ. ಇಲ್ಲ.

ಅಷ್ಟರಲ್ಲಿ ಆ ಮನೆ ಅಜ್ಜಿ ಸ್ಟೀಲ್ ಲೋಟದಲ್ಲಿ ಅಂಬಲಿ ತಂದರು. ಈ ಬರಹದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಆ ಅಂಬಲಿ ನೆನಪಿಟ್ಟುಕೊಳ್ಳಿ. ರಾಗಿ ಹಿಟ್ಟು ಹಿಂದಿನ ರಾತ್ರಿಯೇ ಕಾಯಿಸಿ ಮಡಕೆಯಲ್ಲಿ ಇಟ್ಟದ್ದು. ಬೆಳಗ್ಗೆಗೆ ಒಂಚೂರು ಹುಳಿ ಬಂದಿರುತ್ತದೆ. ಅದಕ್ಕೆ ಕಡೆದ ಮಜ್ಜಿಗೆ, ಉಪ್ಪು, ಹೆಚ್ಚಿದ ಈರುಳ್ಳಿ, ಜಜ್ಜಿದ ಹಸಿಮೆಣಸಿನಕಾಯಿ, ಕರಿಬೇವು. ಫ್ರಿಜ್ ಮುಟ್ಟಿಲ್ಲ, ಆದರೂ ಗಂಟಲಲ್ಲಿ ತಣ್ಣಗೆ ಇಳಿಯಿತು. ಮಡಕೆಯ ಹೊರಮೈ ನೀರು ಜಿನುಗಿ ಆರುತ್ತಾ ಇರುತ್ತದಲ್ಲ, ಆ ತಂಪು ಬೇರೆ. ಪೇಟೆಯಲ್ಲಿ ಈಗ 'ರಾಗಿ ಮಾಲ್ಟ್' ಅಂತ ಏಲಕ್ಕಿ ಸಕ್ಕರೆ ಹಾಕಿ ಮಾರುತ್ತಾರೆ. ಅದು ಇದರ ಸಂಬಂಧಿಯೂ ಅಲ್ಲ. ನಾನು ಮೂರು ಲೋಟ ಕುಡಿದೆ. ಹುಡುಗ ಮೊದಲು ಮೂಗು ಮುಚ್ಚಿಕೊಂಡ. ಎರಡನೇ ದಿನ ಅವನೇ ಲೋಟ ಹಿಡಿದು ಮಡಕೆ ಹತ್ತಿರ ಹೋಗಿ ನಿಂತ. ಅಮ್ಮ ಕುಡಿದು ಲೋಟ ಕೆಳಗಿಟ್ಟು, ತೆಲುಗಿನಲ್ಲಿ ಆ ಅಜ್ಜಿಯ ಹತ್ತಿರ ಏನೋ ಕೇಳಿದಳು. ಅಷ್ಟೇ. ಅವತ್ತಿಂದ ಇಬ್ಬರೂ ಒಂದು ಪಕ್ಷ.

ಮನೆ ಹೇಳಬೇಕೆಂದರೆ, ಹಳೇ ಕಲ್ಲುಚಪ್ಪಡಿ ಹೊದಿಸಿದ ಮನೆಗೆ ಆತುಕೊಂಡು ಎರಡು ಹೊಸ ರೂಮು. ಹೊಸ ರೂಮಿಗೆ ಸಿಮೆಂಟ್ ಶೀಟು ಹೊದಿಸಿ, ಒಳಗೆ ಬಿಳಿ ಸೀಲಿಂಗ್ ಹಾಕಿಸಿದ್ದಾರೆ. ನೋಡೋಕೆ ಚೆನ್ನಾಗಿದೆ, ಮಧ್ಯಾಹ್ನ ಒಳಗೆ ಇರೋಕೆ ಆಗಲ್ಲ. ನಾವು ಸಾಮಾನು ಇಡೋಕೆ ಮಾತ್ರ ಆ ರೂಮು ಬಳಸಿದೆವು. ಹಗಲೆಲ್ಲ ಹೊಂಗೆ ಮರದ ಕೆಳಗೆ. ಹೊಂಗೆ ನೆರಳು ತಾಯಿ ಮಡಿಲು ಅನ್ನುವ ಮಾತು ಸುಮ್ನೆ ಬಂದಿಲ್ಲ. ಬೇವಿನ ಕೆಳಗೂ ಕೂತು ನೋಡಿದೆ, ಹುಣಸೆ ಕೆಳಗೂ ಕೂತು ನೋಡಿದೆ. ಹೊಂಗೆಗೆ ಮಾರ್ಚ್ ಏಪ್ರಿಲ್‌ನಲ್ಲಿ ಹೊಸ ಎಲೆ ಬಂದಿರುತ್ತದೆ, ಬಿಸಿಲು ಕಿತ್ತು ತಿನ್ನುವ ಹೊತ್ತಿಗೆ ಸರಿಯಾಗಿ ನೆರಳು ದಟ್ಟ. ಅದರ ಹೂವು ಉದುರಿ ನೆಲವೆಲ್ಲ ಮಂಡಕ್ಕಿ ಚೆಲ್ಲಿದ ಹಾಗೆ ಇತ್ತು. ಹಗ್ಗದ ಮಂಚ ಒಂದೇ ಇರುವುದು, ಅದಕ್ಕೆ ಅಜ್ಜಿ ಮೊಮ್ಮಗ ಇಬ್ಬರಿಗೂ ಜಗಳ. ಇನ್ನೊಂದು ಮಂಚ ಹಾಕಿದರೆ ಅವರಿಗೇನು ಕಷ್ಟ ಗೊತ್ತಿಲ್ಲ.

ಮೊದಲ ದಿನದ ರಾತ್ರಿ ಊಟಕ್ಕೆ ಅಮ್ಮ ಗರಂ ಆದಳು. ಮುದ್ದೆ ಬಂತು, ನಿಂಬೆಹಣ್ಣಿನ ಗಾತ್ರ. ಪಕ್ಕದಲ್ಲಿ ಸ್ಪೂನು ಬೇರೆ. "ಇದೇನು, ಮಗುಗೆ ಅನ್ನಪ್ರಾಶನಾನಾ?" ಪಾಪ, ಮನೆಯಾಕೆ ಕಕ್ಕಾಬಿಕ್ಕಿ. ಬೆಂಗಳೂರಿಂದ ಬರುವವರು ದೊಡ್ಡ ಮುದ್ದೆ ಹಾಕಿದರೆ ಅರ್ಧ ಬಿಟ್ಟು ಏಳುತ್ತಾರಂತೆ. ಅದಕ್ಕೆ ಗಾತ್ರ ಇಳಿಸಿದ್ದಾರಂತೆ. ನಾವು ಊರವರು ಅಂತ ಗೊತ್ತಾದ ಮೇಲೆ ಮಾರನೇ ದಿನದಿಂದ ಸರಿಯಾದ ಮುದ್ದೆ ಬಂತು, ಕೈಗೆ ಅಂಟದ ಹಾಗೆ ತಿರುವಿದ್ದು, ಒಳಗೆ ಒಂದು ಗಂಟಿಲ್ಲ. ಜೊತೆಗೆ ಹುರುಳಿಕಾಳಿನ ಬಸ್ಸಾರು. ಕಾಳು ಬಸಿದ ಕಟ್ಟಿಗೆ ಹುರಿದ ಖಾರ ರುಬ್ಬಿ ಹಾಕಿ, ಕಾಳಿಗೆ ಒಗ್ಗರಣೆ ಕೊಟ್ಟು ಪಲ್ಯ. ಎರಡನೇ ಮಧ್ಯಾಹ್ನ ಬೆರಕೆ ಸೊಪ್ಪು. ಬೇಸಿಗೆಯಲ್ಲಿ ಬೆರಕೆ ಸೊಪ್ಪು ಎಲ್ಲಿಂದ ಅಂತ ಕೇಳಿದೆ. ದ್ರಾಕ್ಷಿಗೆ ಡ್ರಿಪ್ ಬಿಟ್ಟ ಕಡೆ ಬುಡದಲ್ಲಿ ತಾನಾಗೇ ಬೆಳೆದ ಅಣ್ಣೆ, ಗೋಣಿ, ಕಿರಕೀರೆ. ಕಳೆ ಕಿತ್ತ ಹಾಗೂ ಆಯಿತು, ಸಾರಿಗೂ ಆಯಿತು. ಹುಡುಗ ಮುದ್ದೆ ಅಗಿಯುತ್ತಿದ್ದ. "ಅಗೀಬೇಡ ಕಣೋ, ಸಾರಲ್ಲಿ ಹೊರಳಿಸಿ ನುಂಗು" ಅಂತ ಆ ಮನೆ ಅಜ್ಜಿ ಎದುರು ಕೂತು ಕಲಿಸಿದರು. ನಾಲ್ಕನೇ ತುತ್ತಿಗೆ ಬಂತು.

ಕಾಫಿ ಮಾತ್ರ ಬೇಡ. ಬೆಲ್ಲದ ಕಾಫಿ ಅಂತ ಹೇಳಿ ಕೊಡುತ್ತಾರೆ, ಹಾಲು ಒಡೆದಂತೆ ಇತ್ತು. ಹಾಲು ಅವರದ್ದೇ ಹಸುವಿನದು, ಸುಮ್ನೆ ಒಂದು ಲೋಟ ಬಿಸಿ ಹಾಲು ಕೇಳಿ ಕುಡಿಯಿರಿ.

ಊಟ ಆದ ಮೇಲೆ ಮನೆಯ ಯಜಮಾನ ಬಂದು ಸ್ವಿಚ್ ಹಾಕಿದ. ಬೇವಿನ ಮರದ ತುಂಬ ಕೆಂಪು, ನೀಲಿ, ಹಸಿರು ಸೀರಿಯಲ್ ಸೆಟ್. ಮಿಣಕ್ ಮಿಣಕ್ ಅನ್ನುತ್ತಾ ಓಡುತ್ತಿತ್ತು. "ಕ್ಯಾಂಪ್ ಫೈರ್ ಹಾಕ್ಲಾ ಅಕ್ಕ? 300 ರೂಪಾಯಿ ಅಷ್ಟೇ" ಅಂದ. ಮೇ ತಿಂಗಳಲ್ಲಿ, ಬೆವರು ಒರೆಸಿಕೊಳ್ಳುತ್ತಾ ನಿಂತು, ಬೆಂಕಿ ಹಾಕ್ಲಾ ಅಂತ ಕೇಳುತ್ತಾನೆ. ಅವನ ತಪ್ಪೂ ಅಲ್ಲ. ಬರುವವರು ಕೇಳುತ್ತಾರೆ, ಫೋಟೋಗೆ ಬೇಕು. ನಾನು 300 ಕೊಡದೇ, ಆ ಲೈಟೂ ಆರಿಸಿ ಅಂದೆ. ಅವನಿಗೆ ಒಂದು ಕ್ಷಣ ಬೇಜಾರಾಯಿತು ಅನಿಸುತ್ತದೆ. ಆಮೇಲೆ ಆರಿಸಿದ.

ಕತ್ತಲು ಬಿತ್ತು ನೋಡಿ. ಅಲ್ಲಿಂದ ಶುರು ಈ ಜಾಗದ ನಿಜವಾದ ಬೆಲೆ.

ಹಳೇ ಮನೆ ಮಿದ್ದೆ ಮೇಲೆ ಸಂಜೆಯೇ ನೀರು ಚಿಮುಕಿಸಿ ಬಿಟ್ಟಿದ್ದರು. ಈಚಲು ಚಾಪೆ, ಮೇಲೆ ಹತ್ತಿ ದುಪ್ಪಟಿ. ಕಲ್ಲು ಒಂಬತ್ತು ಗಂಟೆವರೆಗೂ ಬೆಚ್ಚಗೇ ಇರುತ್ತದೆ, ಅಲ್ಲಿಯವರೆಗೆ ಮಲಗೋಕೆ ಹೋಗಬೇಡಿ, ಬೆನ್ನು ಸುಡುತ್ತದೆ. ಆಮೇಲೆ ಗಾಳಿ ತಿರುಗುತ್ತದೆ. ಹಗಲಲ್ಲಿ ಕೆಳಗಿಂದ ಮೇಲಕ್ಕೆ ಬೀಸುತ್ತಿದ್ದ ಬಿಸಿಗಾಳಿ ನಿಂತು, ಬೆಟ್ಟದ ತಲೆಯಲ್ಲಿ ತಣ್ಣಗಾದ ಗಾಳಿ ಭಾರವಾಗಿ ಇಳಿಜಾರಿನಲ್ಲಿ ಜಾರಿ ಸಂದಿಗೆ ಬರುತ್ತದೆ. ಮೊದಲು ಕಾಲಿಗೆ ಗೊತ್ತಾಗುತ್ತದೆ, ಆಮೇಲೆ ಮುಖಕ್ಕೆ. ಹನ್ನೊಂದರ ಹೊತ್ತಿಗೆ ದುಪ್ಪಟಿ ಎಳೆದುಕೊಂಡೆವು. ನಮ್ಮ ಟೌನಿನ ಮಿದ್ದೆಗೆ ಈ ಗಾಳಿ ಬರುವುದಿಲ್ಲ. ಸುತ್ತ ಮೂರು ಮಹಡಿ ಮನೆಗಳು ಎದ್ದಿವೆ, ಪಕ್ಕದ ಮನೆಯ ಎಸಿ ತನ್ನ ಬಿಸಿ ಉಸಿರನ್ನು ನಮ್ಮ ಕಡೆಗೇ ಬಿಡುತ್ತದೆ. ಹತ್ತು ಕಿಲೋಮೀಟರ್‌ಗೆ ಅಷ್ಟು ವ್ಯತ್ಯಾಸ.

ಆಕಾಶದ ತುಂಬ ನಕ್ಷತ್ರ ಅಂತ ಬರೆದರೆ ಸುಳ್ಳಾಗುತ್ತದೆ. ದಕ್ಷಿಣಕ್ಕೆ ದೇವನಹಳ್ಳಿ ವಿಮಾನ ನಿಲ್ದಾಣದ ಬೆಳಕು ಆಕಾಶದ ಅಂಚನ್ನೆಲ್ಲ ಬೆಳ್ಳಗೆ ಮಾಡಿಟ್ಟಿದೆ. ಉತ್ತರದ ಕಡೆ ತಿರುಗಿ ಮಲಗಿದರೆ ಸಪ್ತರ್ಷಿ ಮಂಡಲ ಸ್ಪಷ್ಟ. ಅಮ್ಮ ಏಳನ್ನೂ ತೋರಿಸಿದಳು. ಹುಡುಗ ಮೂರು ನಕ್ಷತ್ರ ಎಣಿಸಿ, ಆಮೇಲೆ ಇಳಿಯುವ ವಿಮಾನ ಎಣಿಸೋಕೆ ಶುರು ಮಾಡಿದ. ಹದಿನಾಲ್ಕಕ್ಕೆ ನಿದ್ದೆ ಹೋದ. ಮೊಬೈಲ್ ಕೆಳಗೆ ರೂಮಿನಲ್ಲೇ ಉಳಿದಿತ್ತು, ಕೇಳಲೂ ಇಲ್ಲ.

ಭಾನುವಾರ ಬೆಳಗಿನ ಜಾವ ನಾಲ್ಕೂವರೆಗೆ ನನಗೆ ಎಚ್ಚರವಾಯಿತು. ನಾವಿದ್ದ ಕಡೆಯಿಂದ ನಂದಿ ಘಾಟಿ ರಸ್ತೆಯ ಒಂದೆರಡು ತಿರುವು ಕಾಣುತ್ತದೆ. ಸೂರ್ಯೋದಯ ನೋಡಲು ಬೆಂಗಳೂರಿಂದ ಬಂದ ಗಾಡಿಗಳ ದೀಪ ಒಂದರ ಹಿಂದೆ ಒಂದು ನಿಂತಿದ್ದವು, ಬೆಟ್ಟಕ್ಕೆ ಯಾರೋ ಸೀರಿಯಲ್ ಸೆಟ್ ಎಳೆದ ಹಾಗೆ. ಅವರು ಅಲ್ಲಿ ಸ್ಟೇರಿಂಗ್ ಹಿಡಿದು ಕೂತಿದ್ದಾರೆ, ನಾನು ಇಲ್ಲಿ ದುಪ್ಪಟಿ ಒಳಗೆ. ಮಗ್ಗುಲು ಬದಲಾಯಿಸಿ ಮತ್ತೆ ಮಲಗಿದೆ. ನವಿಲು ಕೂಗೋಕೆ ಶುರು ಮಾಡಿದ ಮೇಲೆ ಮಾತ್ರ ಮಲಗೋಕೆ ಆಗಲ್ಲ. ನವಿಲು ನೋಡೋಕೆ ಎಷ್ಟು ಚೆನ್ನವೋ ಕೂಗು ಅಷ್ಟೇ ಕರ್ಕಶ.

ನೀರಿನ ವಿಷಯ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ, ಚಿತ್ರಾವತಿ, ಎಲ್ಲ ಈ ಬೆಟ್ಟಸಾಲಿನಲ್ಲೇ ಹುಟ್ಟುತ್ತವೆ ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ. ಅದನ್ನು ನಂಬಿ ಬೇಸಿಗೆಯಲ್ಲಿ ಹೊಳೆಗೆ ಇಳಿಯುತ್ತೇನೆ ಅಂದುಕೊಂಡು ಬಂದರೆ ಜಾಲಿ ಮುಳ್ಳು ಸಿಗುತ್ತದೆ. ಇಲ್ಲಿ ಹೊಳೆ ಅಂದರೆ ತೊಟ್ಟಿ. ಬೋರ್‌ವೆಲ್ ನೀರು ತುಂಬಿಸುವ ಸಿಮೆಂಟ್ ತೊಟ್ಟಿ, ಎದೆಮಟ್ಟ ಆಳ. ತ್ರೀ ಫೇಸ್ ಕರೆಂಟ್ ಯಾವಾಗ ಬರುತ್ತದೋ ಆಗ ಸ್ನಾನ. ನಮಗೆ ಬೆಳಗ್ಗೆ ಐದೂಮುಕ್ಕಾಲಿಗೆ ಬಂತು. ಯಜಮಾನ ಕೆಳಗಿಂದ "ನೀರು ಬಂತು, ನೀರು ಬಂತು" ಅಂತ ಕೂಗಿದ. ಹುಡುಗ ಮಿದ್ದೆಯಿಂದ ಇಳಿದು ಚಡ್ಡಿಯಲ್ಲೇ ಓಡಿದ. ಪೈಪಿನಿಂದ ದಪ್ಪಗೆ ಬೀಳುವ ನೀರು, ಸಾವಿರ ಅಡಿಗೂ ಆಳದಿಂದ ಬರುವುದರಿಂದ ಆ ಹೊತ್ತಲ್ಲಿ ಉಗುರು ಬೆಚ್ಚಗೆ ಇರುತ್ತದೆ. ಅದರ ಕೆಳಗೆ ಬೆನ್ನು ಕೊಟ್ಟು ಒಂದು ಗಂಟೆ ನಿಂತಿದ್ದ. ಆಮೇಲೆ ಅದೇ ನೀರು ಡ್ರಿಪ್ ಪೈಪಿಗೆ, ದ್ರಾಕ್ಷಿಗೆ. ಸೋಪು ಹಚ್ಚಬಾರದು, ಅದೊಂದೇ ನಿಯಮ. ಒಳ್ಳೇ ನಿಯಮ. ಕುಡಿಯೋಕೆ ಈ ನೀರು ಬೇಡ, ನಮ್ಮ ಜಿಲ್ಲೆಯ ಆಳದ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನು ತಂದು ಮಡಕೆಗೆ ಹಾಕಿಡುತ್ತಾರೆ, ಕೇಳಿ ಖಾತ್ರಿ ಮಾಡಿಕೊಂಡೆ.

ಹಗಲು ಏನು ಮಾಡೋದು ಅಂತ ಕೇಳುವವರಿಗೆ: ಏನೂ ಇಲ್ಲ. ನಮಗೆ ಕೆಲಸ ಕೊಟ್ಟರು, ಅದೇ ಆಟ ಆಯಿತು. ಮಿದ್ದೆ ಮೇಲೆ ಹಳೇ ಪಂಚೆ ಹಾಸಿ ಅಕ್ಕಿ ಸಂಡಿಗೆ ಇಟ್ಟಿದ್ದರು. ಕಾಗೆ, ಕೋತಿ ಎರಡೂ ಬರುತ್ತವೆ. ಹುಡುಗನ ಕೈಗೆ ಕೋಲು ಕೊಟ್ಟು ಕಾವಲು ಕೂರಿಸಿದರು. ಎರಡು ಗಂಟೆ ಛತ್ರಿ ಹಿಡಿದು ಕೂತ. ಕಾವಲುಗಾರನೇ ಅರ್ಧ ಒಣಗಿದ ಸಂಡಿಗೆ ಎಷ್ಟು ತಿಂದ ಅನ್ನುವ ಲೆಕ್ಕ ಯಾರೂ ಕೇಳಲಿಲ್ಲ. ಆ ಮೆತ್ತಗಿನ, ಉಪ್ಪುಪ್ಪು ಸಂಡಿಗೆ ರುಚಿ ಕರಿದದ್ದಕ್ಕಿಲ್ಲ, ಅಲ್ವಾ?

ಹೊಂಗೆ ಕೆಳಗೆ ಹುಣಸೆಹಣ್ಣಿನ ರಾಶಿ. ಸಿಪ್ಪೆ ಬಡಿದು, ನಾರು ಎಳೆದು, ಬೀಜ ಬಿಡಿಸುವ ಕೆಲಸ. ಅಮ್ಮ ಹೋದ ಮೊದಲ ಗಂಟೆಯಲ್ಲೇ ಆ ರಾಶಿ ಪಕ್ಕ ಕಾಲು ಚಾಚಿ ಕೂತಳು. ಕಲ್ಲಿನ ಮೇಲೆ ಹಣ್ಣಿಟ್ಟು ಸಣ್ಣ ಸುತ್ತಿಗೆಯಲ್ಲಿ ಒಂದು ಏಟು, ಬೀಜ ಆಚೆ. ಇನ್ನೊಂದು ಏಟು. ನಮ್ಮ ಮನೆಯಲ್ಲಿ ಮಂಡಿ ನೋವು ಅಂತ ಮಂಚ ಬಿಟ್ಟು ಏಳದವಳು ಇಲ್ಲಿ ಎರಡು ದಿನವೂ ಅದೇ ಜಾಗ. ಅವಳ ತವರಿನ ಮಾತೆಲ್ಲ ಅಲ್ಲೇ ಹೊರಗೆ ಬಂತು. ಯಾವ ಬಾವಿ ಯಾರದ್ದು, ಯಾವ ಮರದ ಹುಣಸೆ ಸಿಹಿ, ಯಾವ ಬಂಡೆ ಮೇಲೆ ಕವಳೆಕಾಯಿ ಸಿಗುತ್ತಿತ್ತು. ಮಾರಿದ ಹೊಲದ ಹತ್ತಿರ ಹೋಗೋಣ್ವಾ ಅಂತ ನಾನು ಕೇಳಿದೆ. "ಬೇಡ ಬಿಡು, ಇಲ್ಲಿಂದಲೇ ಕಾಣುತ್ತೆ" ಅಂದಳು. ಕಾಣುತ್ತಿರಲಿಲ್ಲ, ನಡುವೆ ನೀಲಗಿರಿ ತೋಪು. ನಾನು ಸುಮ್ಮನಾದೆ.

ಹುಡುಗನಿಗೆ ಆ ಮನೆ ಅಜ್ಜಿ ಹುಣಸೆ ಬೀಜ ಕಲ್ಲಿಗೆ ಉಜ್ಜಿ, ಒಂದು ಪಕ್ಕ ಬಿಳಿ ಮಾಡಿ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು ಚೌಕಾಬಾರ ಕಲಿಸಿದರು. ಅವನು ಮೊದಲ ಆಟ ಗೆದ್ದ. ಬೇಕಂತಲೇ ಸೋತರೋ ಏನೋ. ಎರಡನೆಯದರಲ್ಲಿ ಬಿಡಲಿಲ್ಲ.

ಎರಡನೇ ದಿನ ಬೆಳಗ್ಗೆ ಭೋಗನಂದೀಶ್ವರ ದೇವಸ್ಥಾನಕ್ಕೆ ಹೋಗಿಬಂದೆವು. ಸಾವಿರ ವರ್ಷಕ್ಕೂ ಹಳೇ ಗುಡಿ. ಅರುಣಾಚಲೇಶ್ವರ, ಭೋಗನಂದೀಶ್ವರ, ನಡುವೆ ಉಮಾಮಹೇಶ್ವರ. ಅರುಣಾಚಲೇಶ್ವರ ಶಿವನ ಬಾಲ್ಯ, ಭೋಗನಂದೀಶ್ವರ ಯೌವನ, ಬೆಟ್ಟದ ಮೇಲಿನ ಯೋಗನಂದೀಶ್ವರ ವೈರಾಗ್ಯ ಅಂತ ಹೇಳುತ್ತಾರೆ. ಅದಕ್ಕೇ ಮೇಲೆ ಹಬ್ಬದ ಗದ್ದಲ ಇಲ್ಲ, ಎಲ್ಲ ಕೆಳಗೇ. ಬೇಸಿಗೆಯಲ್ಲಿ ಒಂಬತ್ತರ ಒಳಗೆ ಹೋಗಿ. ಹೊತ್ತು ಏರಿದರೆ ಅಂಗಳದ ಕಲ್ಲು ಅಂಗಾಲನ್ನು ಹುರಿಯುತ್ತದೆ. ನಾನು ಹೆಚ್ಚು ಹೊತ್ತು ಕೂತದ್ದು ಶೃಂಗಿ ತೀರ್ಥ ಅನ್ನುವ ಕಲ್ಯಾಣಿಯ ಸುತ್ತ ಇರುವ ಕಂಬದ ಸಾಲಿನಲ್ಲಿ. ಕಲ್ಲಿನ ನೆರಳು ಮರದ ನೆರಳಿಗಿಂತ ಬೇರೆ ಥರ ತಂಪು. ಬರುವಾಗ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರ ಮನೆಗೂ ಹೋಗೋಣ ಅಂದೆ. ಅಮ್ಮನಿಗೆ ಹುಣಸೆ ರಾಶಿ ಕಾಯುತ್ತಿತ್ತು, ಹೋಗಲಿಲ್ಲ.

ಅವತ್ತು ಸಂಜೆ ನಾಲ್ಕಕ್ಕೆ ಸ್ಕಂದಗಿರಿ ಹಿಂದೆ ಕಪ್ಪಾಯಿತು. ಭರಣಿ ಮಳೆ. ಭರಣಿ ಸುರಿದರೆ ಧರಣಿ ಬದುಕೀತು ಅಂತ ಅಮ್ಮ ಅನ್ನುವಷ್ಟರಲ್ಲಿ ಗಾಳಿ ಎದ್ದು ಹಗ್ಗದ ಮಂಚ ಪಲ್ಟಿ. ಮಿದ್ದೆ ಮೇಲಿನ ಸಂಡಿಗೆ ಎತ್ತೋಕೆ ನಾನು, ಮನೆಯಾಕೆ ಇಬ್ಬರೂ ಓಡಿದೆವು. ಪಂಚೆಯ ನಾಲ್ಕು ಮೂಲೆ ಹಿಡಿದು ಇಳಿಯುವಾಗ ಮೊದಲ ಆಲಿಕಲ್ಲು ನನ್ನ ತಲೆಗೆ ಬಿತ್ತು. ಹುಡುಗ ಅಂಗಳಕ್ಕೆ ಹಾರಿದ. ಅವನು ಆಲಿಕಲ್ಲು ಮುಟ್ಟಿದ್ದು ಅದೇ ಮೊದಲು, ಬಾಯಿಗೆ ಹಾಕಿಕೊಂಡು ಕುಣಿದ. ನಾನೂ ನಕ್ಕೆ. ಆಮೇಲೆ ಯಜಮಾನನ ಮುಖ ನೋಡಿದೆ. ಅವನು ಬಾಗಿಲ ಕಟ್ಟೆಯ ಮೇಲೆ ನಿಂತು ದ್ರಾಕ್ಷಿ ಚಪ್ಪರದ ಕಡೆಗೇ ನೋಡುತ್ತಿದ್ದ. ಮನೆಯಾಕೆ ಒನಕೆ ತಂದು ಅಂಗಳದಲ್ಲಿ ಎಸೆದಳು, ಆಲಿಕಲ್ಲು ನಿಲ್ಲಲಿ ಅಂತ. ಹತ್ತು ನಿಮಿಷಕ್ಕೆ ನಿಂತಿತು. ಚಪ್ಪರಕ್ಕೆ ಅಂಥ ಏಟು ಬೀಳಲಿಲ್ಲ, ಮಾವಿನ ಮರದ ಕೆಳಗೆ ಮಾತ್ರ ಕಾಯಿ ಹಾಸಿಗೆಯ ಹಾಗೆ ಬಿದ್ದಿತ್ತು. ಒಂದು ತಿಂಗಳು ತಡೆದಿದ್ದರೆ ಹಣ್ಣಾಗುವ ಕಾಯಿ. ಮಾರನೇ ದಿನ ತಿಂಡಿಗೆ ಅದರದ್ದೇ ಮಾವಿನಕಾಯಿ ಚಿತ್ರಾನ್ನ. ತುಂಬ ಚೆನ್ನಾಗಿತ್ತು. ಚೆನ್ನಾಗಿದೆ ಅಂತ ಹೇಳೋಕೆ ಒಂಥರಾ ಆಯಿತು. ಮನೆಯಾಕೆಯೇ "ಇನ್ನೊಂದು ಸ್ವಲ್ಪ ಹಾಕ್ಕೊಳ್ಳಿ ಅಕ್ಕ, ಬುಟ್ಟಿ ತುಂಬಾ ಇದೆ" ಅಂದಳು.

ಮಳೆ ನಿಂತ ಮೇಲಿನ ಆ ಒಂದು ಗಂಟೆ, ಬಂಡೆಗಳಿಂದ ಹಬೆ ಏಳುತ್ತದೆ. ಬಿಸಿ ಹೆಂಚಿಗೆ ನೀರು ಚಿಮುಕಿಸಿದಂತೆ ಬೆಟ್ಟವೆಲ್ಲ ಹೊಗೆಯಾಡುತ್ತದೆ. ಮಣ್ಣಿನ ವಾಸನೆ ಜೊತೆಗೆ ನೀಲಗಿರಿ ಎಲೆ ವಾಸನೆ. ಇದಕ್ಕೆ ಅವರು ದುಡ್ಡು ತಗೊಳ್ಳಲ್ಲ, ಬುಕ್ ಮಾಡೋಕೂ ಆಗಲ್ಲ.

ಈಗ ಬೈಗುಳ. ಬಚ್ಚಲು ಮನೆ ರೂಮಿನಿಂದ ನಲವತ್ತು ಹೆಜ್ಜೆ ದೂರ, ದಾರಿಯಲ್ಲಿ ದೀಪ ಇಲ್ಲ. ಮರಕ್ಕೆಲ್ಲ ಬಣ್ಣದ ದೀಪ ಸುತ್ತುವವರಿಗೆ ಅಲ್ಲೊಂದು ಬಲ್ಬು ಹಾಕೋಕೆ ಏನಾಗಿತ್ತು? ಬೆಟ್ಟದ ಬುಡ, ಚೇಳು ಇರುತ್ತದೆ, ಹಾವು ಇರುತ್ತದೆ. ಚಿರತೆ ಭಯಕ್ಕೆ ರಾತ್ರಿ ಅವರ ನಾಯಿಯನ್ನೇ ಒಳಗೆ ಕಟ್ಟುತ್ತಾರೆ. 74 ವರ್ಷದ ಅಮ್ಮನನ್ನು ರಾತ್ರಿ ಮಿದ್ದೆಯಿಂದ ಇಳಿಸಿ ಕರೆದುಕೊಂಡು ಹೋಗುವುದು ಒಂದು ಸಾಹಸ. ಮೆಟ್ಟಿಲಿಗೆ ಹಿಡಿಕೆ ಇಲ್ಲ. ಬಕೆಟ್ ಒಡೆದಿದೆ. ಸೊಳ್ಳೆ ಪರದೆ ಕೇಳಿದರೆ ಒಂದೇ ಇದೆ ಅಂದರು, ಗಾಳಿ ಬರುವವರೆಗೆ ಸೊಳ್ಳೆ ಕಾಟ ಇದ್ದೇ ಇತ್ತು. ಇನ್ನು ಅವರ ಕೈಯಲ್ಲಿ ಇಲ್ಲದ್ದು: ಶನಿವಾರ ರಾತ್ರಿ ದೂರದ ಯಾವುದೋ ತೋಟದಿಂದ ಸ್ಪೀಕರ್ ಸದ್ದು ಹನ್ನೆರಡರವರೆಗೂ ಬಂತು. ಬೆಟ್ಟದ ಸಂದಿನಲ್ಲಿ ಸದ್ದು ಬಂಡೆಗೆ ಬಡಿದು ಎರಡೆರಡು ಸಲ ಕೇಳುತ್ತದೆ. ಆಗುವುದಾದರೆ ಸೋಮವಾರದಿಂದ ಗುರುವಾರದ ಒಳಗೆ ಹೋಗಿ.

ಹೋಗುವವರು ಫೋನಿನಲ್ಲಿ ಕೇಳಬೇಕಾದ್ದು ರೂಮು ಎಷ್ಟು ದೊಡ್ಡದು ಅಂತ ಅಲ್ಲ. ಮಿದ್ದೆ ಮೇಲೆ ಮಲಗೋಕೆ ಬಿಡ್ತೀರಾ, ಬಚ್ಚಲಿಗೆ ದೀಪ ಇದೆಯಾ, ಮನೆಯವರು ತಿನ್ನುವ ಸಾರನ್ನೇ ನಮಗೂ ಹಾಕ್ತೀರಾ, ಇಷ್ಟು ಕೇಳಿ. ಪನೀರ್ ಬಟರ್ ಮಸಾಲ ಮಾಡ್ತೀವಿ ಅಂದರೆ ಫೋನ್ ಇಟ್ಟುಬಿಡಿ.

ದುಡ್ಡು: ದೊಡ್ಡವರಿಗೆ ದಿನಕ್ಕೆ 1,300, ಮಕ್ಕಳಿಗೆ 700, ಮೂರು ಹೊತ್ತಿನ ಊಟ ಸೇರಿ. ನಮ್ಮದು ಎರಡು ದಿನಕ್ಕೆ 6,600 ಆಯಿತು. ರೂಮಿಗೆ ಅಂತ ನೋಡಿದರೆ ದುಬಾರಿ, ಆ ರೂಮಿಗೆ ನಾನು 500 ಕೊಡಲ್ಲ. ಅಂಬಲಿಗೆ, ಮಿದ್ದೆಗೆ, ತೊಟ್ಟಿಗೆ ಅಂತ ನೋಡಿದರೆ ಸರಿಹೋಯಿತು. ನಾನು ಮೊಬೈಲ್ ತೆಗೆದು ಕಟ್ಟಲು ಹೊರಟೆ. ಅಮ್ಮ ತಡೆದಳು. "ನಿಲ್ಲು. ಎರಡು ದಿನ ಕೂತು ಹುಣಸೆಹಣ್ಣು ಬಿಡಿಸಿದ್ದೀನಿ. ಕೂಲಿ ಆಳಾಗಿದ್ರೆ ಎಷ್ಟು ಕೊಡ್ತಿದ್ರಿ?" ಯಜಮಾನ ಹೆಂಡತಿ ಮುಖ ನೋಡಿದ, ಹೆಂಡತಿ ಅತ್ತೆ ಮುಖ ನೋಡಿದಳು. ಅತ್ತೆ ನಗುತ್ತಾ ತೆಲುಗಿನಲ್ಲಿ ಏನೋ ಅಂದರು, ಅಮ್ಮನೂ ಏನೋ ಅಂದಳು. ಕೊನೆಗೆ 6,200ಕ್ಕೆ ಇಳಿಯಿತು, ಜೊತೆಗೆ ಎರಡು ಕೆಜಿ ಹುಣಸೆಹಣ್ಣು, ಒಂದು ಚೀಲ ಮಾವಿನಕಾಯಿ. ಸಂಡಿಗೆ ಕಾವಲಿಗೆ ಹುಡುಗನೂ ಕೂಲಿ ಕೇಳಿದ. ಅವನು ತಿಂದದ್ದಕ್ಕೂ ಅದಕ್ಕೂ ಸರಿಹೋಯಿತು ಅಂದರು.

ಜೂನ್‌ನಲ್ಲಿ ಅವರ ಬದುವಿನ ಮೇಲಿನ ನೇರಳೆ ಮರ ಹಣ್ಣು ಬಿಡುತ್ತದಂತೆ. ಅಮ್ಮ ಆಟೋ ಹತ್ತುವಾಗಲೇ ಕೇಳಿಟ್ಟಿದ್ದಾಳೆ, ಆಯ್ದುಕೊಟ್ಟರೆ ಎಷ್ಟು ಕಳೀತೀರಿ ಅಂತ.